ಗೆಳತಿಯ ಕಾದಂಬರಿ ನನ್ನ ಚಾನೆಲ್‌ನಲ್ಲೇ ಹರಿದಾಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ಕೆಲವು ವರ್ಷಗಳಿಂದ ಪುಸ್ತಕಗಳ ಪಿಡಿಎಫ್ ಹಂಚುವ ಟೆಲಿಗ್ರಾಂ ಚಾನೆಲ್ ನಡೆಸುತ್ತಿದ್ದೇನೆ. ಓದುಗರಿಗೆ ಉಪಕಾರ ಎಂದೇ ನಂಬಿದ್ದೆ. ಕಳೆದ ವಾರ ಇನ್ನೊಬ್ಬ ಅಡ್ಮಿನ್ ನನ್ನ ಆಪ್ತ ಗೆಳತಿಯ ಹೊಸ ಕಾದಂಬರಿಯನ್ನೇ ಹಾಕಿಬಿಟ್ಟರು. "ಇಂಥ ಕೆಲಸ ಮಾಡೋರು ಯಾರು ಕಣೇ?" ಎಂದು ಅವಳು ನನ್ನೆದುರೇ ಅತ್ತಳು. ಚಾನೆಲ್ ನನ್ನದೆಂದು ಅವಳಿಗೆ ಗೊತ್ತಿಲ್ಲ. ಹೇಳಲೇ, ಸುಮ್ಮನಿರಲೇ?

ಉತ್ತರ: ಹೇಳಿ. ಬೇರೆಯವರ ಬಾಯಿಂದ ತಿಳಿದರೆ ಅವಳಿಗೆ ಪುಸ್ತಕದ ನಷ್ಟಕ್ಕಿಂತ ನಿಮ್ಮ ಮೌನವೇ ಹೆಚ್ಚು ನೋಯಿಸುತ್ತದೆ. "ನಾನು ಹಾಕಿದ್ದಲ್ಲ" ಎಂದು ಮಾತ್ರ ಶುರು ಮಾಡಬೇಡಿ. ವಾರವಾದರೂ ಅಳಿಸದೆ ಬಿಟ್ಟವರು ನೀವೇ ತಾನೇ?

ನಕಲು ಮಾಡಿದರೆ ಮೂಲ ಎಲ್ಲೂ ಹೋಗುವುದಿಲ್ಲ, ಹಾಗಾಗಿ ಇದು ಕಳ್ಳತನವಲ್ಲ ಎಂಬ ವಾದ ಪೂರಾ ಪೊಳ್ಳೇನಲ್ಲ. ಹಕ್ಕುಸ್ವಾಮ್ಯ ಉಲ್ಲಂಘನೆಯೂ ಕಳ್ಳತನವೂ ಒಂದೇ ಅಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟೇ 1985ರಲ್ಲಿ ಹೇಳಿತ್ತು. ಆದರೆ ಅದು ತಪ್ಪೇ ಅಲ್ಲ ಎಂದೇನೂ ಹೇಳಲಿಲ್ಲ. ಪುಸ್ತಕ ಮಾರುವ ಕಂಪನಿಗಳ ಮೇಲೆ ಓದುಗರಿಗಿರುವ ಸಿಟ್ಟಿಗೂ ಕಾರಣವಿದೆ: 2009ರಲ್ಲಿ ಅಮೆಜಾನ್, ಓದುಗರು ದುಡ್ಡು ಕೊಟ್ಟು ಕೊಂಡ ಕೆಲವು ಇ-ಪುಸ್ತಕಗಳನ್ನೇ ಅವರ ಓದುವ ಸಾಧನಗಳಾದ ಕಿಂಡಲ್‌ಗಳಿಂದ ಅಳಿಸಿಹಾಕಿತ್ತು. ಹಾಗೆಂದು ಆ ಸಿಟ್ಟನ್ನು ಲೇಖಕಿಯ ಮೇಲೆ ತೀರಿಸಿಕೊಳ್ಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಅವಳಿಗೆ ಗೌರವಧನ ಬರುವುದು ಮಾರಾಟವಾದ ಪ್ರತಿಗಳ ಲೆಕ್ಕದಲ್ಲಿ. ಮುಂದಿನ ಪುಸ್ತಕಕ್ಕೆ ಪ್ರಕಾಶಕರು ಕೈಹಾಕುವ ಮುನ್ನ ನೋಡುವುದೂ ಅದನ್ನೇ. ಹೇಗೂ ಕೊಳ್ಳದವರು ನಿಮ್ಮ ಚಾನೆಲ್‌ನಲ್ಲಿದ್ದಾರೆ, ನಿಜ. ಕೊಳ್ಳಬೇಕೆಂದಿದ್ದವರೂ ಅಲ್ಲೇ ಇದ್ದಾರೆ.

ಇಷ್ಟು ದಿನ ಹಂಚಿದ ಪುಸ್ತಕಗಳನ್ನು ಬರೆದವರೂ ಯಾರದೋ ಗೆಳತಿಯರೇ, ಆದರೆ ಅವರು ಅತ್ತದ್ದು ನಿಮಗೆ ಕೇಳಿಸಿರಲಿಲ್ಲ. ಹಾಗಾಗಿ ಇದೊಂದನ್ನು ತೆಗೆದು ಉಳಿದದ್ದನ್ನು ಮುಂದುವರಿಸಿದರೆ ಅದು ಬರೀ ಮುಲಾಜು. ಅಂಗಡಿಯಲ್ಲಿ ಸಿಗುವುದನ್ನೆಲ್ಲ ತೆಗೆಯಿರಿ. ಹಕ್ಕಿನ ಅವಧಿ ಮುಗಿದದ್ದನ್ನು ಧಾರಾಳವಾಗಿ ಹಂಚಿ (ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದಂತೆ ಲೇಖಕರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ, ಹಲವು ದೇಶಗಳಲ್ಲಿ ಇನ್ನೂ ಹೆಚ್ಚು). ಎಲ್ಲೂ ಸಿಗದ, ಮರುಮುದ್ರಣವೇ ಕಾಣದ ಪುಸ್ತಕಗಳಿಗೆ ಕಾನೂನು ರಿಯಾಯಿತಿ ಕೊಡುವುದಿಲ್ಲ. ನನಗಂತೂ ಅವುಗಳ ಬಗ್ಗೆ ತಕರಾರಿಲ್ಲ.

ಗೆಳತಿಯ ಫೈಲನ್ನು ಇವತ್ತೇ ಅಳಿಸಿ. ಆದರೆ ಅದರ ಕೆಳಗೆ ಎಷ್ಟು ಜನ ನೋಡಿದ್ದಾರೆಂಬ ಸಂಖ್ಯೆ ಇರುತ್ತದಲ್ಲ, ಅದನ್ನು ಮೊದಲು ಬರೆದಿಟ್ಟುಕೊಳ್ಳಿ. ಅವಳು ಕೇಳಿಯೇ ಕೇಳುತ್ತಾಳೆ. ಆಗಲೇ ಡೌನ್‌ಲೋಡ್ ಆದ ಪ್ರತಿಗಳನ್ನು ವಾಪಸ್ ತರಲಾಗದೆಂಬುದನ್ನೂ ಮುಚ್ಚಿಡಬೇಡಿ. ಮೆಸೇಜ್ ಕಳಿಸಿ ಕೈತೊಳೆದುಕೊಳ್ಳದೆ ಮುಖಾಮುಖಿ ಹೇಳಿ. ಅವಳು ಬೈದರೆ ಬೈಸಿಕೊಳ್ಳಿ, "ಕ್ಷಮಿಸಿದೆಯಾ?" ಎಂದು ಅಲ್ಲೇ ಒತ್ತಾಯಿಸಬೇಡಿ.