ಗೂಗಲ್ ಇಲ್ಲದಾಗ ಹುಡುಕುತ್ತಿದ್ದದ್ದು ಹೀಗೆ

ಪ್ರಶ್ನೆ: ಗೂಗಲ್ ಬರುವ ಮೊದಲು ಇಂಟರ್‌ನೆಟ್ಟಿನಲ್ಲಿ ಬೇಕಾದ್ದನ್ನು ಹೇಗೆ ಹುಡುಕುತ್ತಿದ್ದಿರಿ ಸಾರ್?
– ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಯಾಹೂ ಇತ್ತಲ್ಲಮ್ಮಾ! ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳಾದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೋ 1994ರಲ್ಲಿ ಶುರುಮಾಡಿದ ಪಟ್ಟಿ ಅದು. ಮನುಷ್ಯರೇ ತಾಣಗಳನ್ನು ಕಣ್ಣಾರೆ ನೋಡಿ ವಿಷಯವಾರು ಜೋಡಿಸುತ್ತಿದ್ದರು. 'ವಿಜ್ಞಾನ' ಒತ್ತಿ, ಅದರೊಳಗೆ 'ಖಗೋಳ' ಒತ್ತಿ, ಒಂದೊಂದೇ ಮೆಟ್ಟಿಲು ಇಳಿಯಬೇಕು. ಹಾಗೆ ಇಳಿಯುತ್ತಾ ಹೋದಾಗಲೇ ನನಗೆ ನಾಸಾದ 'ದಿನದ ಖಗೋಳ ಚಿತ್ರ' ಸಿಕ್ಕಿದ್ದು. 1995ರ ಜೂನ್‌ನಲ್ಲಿ ಆರಂಭವಾದ ಪುಟ. ದಿನಕ್ಕೊಂದು ಚಿತ್ರ, ಕೆಳಗೆ ಖಗೋಳಜ್ಞರೇ ಬರೆದ ನಾಲ್ಕು ಸಾಲು ವಿವರಣೆ. ಆಗಿನದು ಮನೆಯ ಫೋನ್ ತಂತಿಯಲ್ಲೇ ಬರುವ ನಿಧಾನದ ಇಂಟರ್‌ನೆಟ್, ಡಯಲಪ್. ಅದರಲ್ಲಿ ಶನಿಗ್ರಹ ಮೇಲಿಂದ ಗೆರೆಗೆರೆಯಾಗಿ ಮೂಡಬೇಕು. ಮೊದಲು ಬರೀ ಕಪ್ಪು, ಆಮೇಲೆ ಬಳೆಯ ಅಂಚು! ಅಷ್ಟು ಹೊತ್ತೂ ಮನೆಯ ಫೋನ್ ಎಂಗೇಜ್. ಆದರೆ ನಿಜವಾದ ನಿಧಿ ಇದ್ದದ್ದು ವಿವರಣೆಯೊಳಗಿನ ನೀಲಿ ಅಕ್ಷರಗಳಲ್ಲಿ. ಒಂದನ್ನು ಒತ್ತಿದರೆ ಯಾವುದೋ ವೀಕ್ಷಣಾಲಯ, ಅಲ್ಲಿಂದ ಇನ್ಯಾವುದೋ ವಿಶ್ವವಿದ್ಯಾಲಯದ ಪಾಠ. ಬಲ್ಲವರು ಕೈಯಾರೆ ಕೊಟ್ಟ ಆ ಕೊಂಡಿಗಳಷ್ಟು ನಂಬಿಕೆ ನನಗೆ ಯಾವ ಹುಡುಕುಯಂತ್ರದ ಮೇಲೂ ಬಂದಿಲ್ಲ. ಹಳೆಯ ಚಿತ್ರಗಳೆಲ್ಲ ಆ ತಾಣದಲ್ಲಿ ತಾರೀಖಿನ ಪ್ರಕಾರ ಇವೆ, ನೋಡಮ್ಮಾ.