‘ಸಾಕಾಯ್ತು’ ಅಂದರೆ ವಿಶ್ವಾಸ ಹೋಯ್ತು ಅಂತನಾ?

ಪ್ರಶ್ನೆ: ಅಕ್ಕಾ, ವಂದನೆಗಳು. ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ, ಎರಡು ಎಕರೆ ಜಮೀನು. ಟೊಮೆಟೊಗೆ ರೇಟು ಬಂದ ವರ್ಷ ಅಕ್ಕಪಕ್ಕದವರು ಮನೆ ಕಟ್ಟಿಸಿದರು. ಅದನ್ನು ನೋಡಿ ನಮ್ಮವರೂ ಸಾಲ ಮಾಡಿ ಎರಡು ಸಲ ಟೊಮೆಟೊ ಇಟ್ಟರು. ಒಂದು ಸಲ ಎಲೆ ಮುದುಡಿಕೊಂಡು ಗಿಡವೇ ಹೋಯ್ತು. ಇನ್ನೊಂದು ಸಲ ಬೆಳೆ ಚೆನ್ನಾಗಿ ಬಂತು, ರೇಟು ಬರಲಿಲ್ಲ. ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ಹೊಲದಲ್ಲೇ ಬಿಟ್ಟೆವು. ನನ್ನ ಸರ, ಬಳೆ ಎಲ್ಲಾ ಅಡವಿಟ್ಟಿದ್ದೇವೆ. ಮನೆ ಪ್ರಾರ್ಥನೆಗೆ ಬಂದ ಹಿರಿಯರೊಬ್ಬರು, ‘ದಶಮಾಂಶ (ಗಳಿಕೆಯ ಹತ್ತರಲ್ಲೊಂದು ಪಾಲು ದೇವರಿಗೆ ಕೊಡುವುದು) ನಿಲ್ಲಿಸಿದ್ದಕ್ಕೇ ಹೀಗಾಯ್ತು’ ಅಂದರು. ಬೈಬಲಿನಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕ ತೆಗೆದು, ಹೊಲದಲ್ಲಿ ಏನೂ ಬೆಳೆಯದಿದ್ದರೂ ಸಂತೋಷದಿಂದ ಇರಬೇಕು ಅಂತ ಓದಿ ಹೇಳಿದರು. ಚರ್ಚಿನ ಸಭೆಯಲ್ಲಿ ಯಾರು ಕೇಳಿದರೂ ‘ಚೆನ್ನಾಗಿದ್ದೀವಿ, ದೇವರಿಗೆ ಸ್ತೋತ್ರ’ ಅಂತೀನಿ. ಹಾಗನ್ನುವಾಗ ಸುಳ್ಳು ಹೇಳಿದ ಹಾಗೆ ಅನ್ನಿಸುತ್ತೆ. ನಮ್ಮವರು ಸಭೆಗೆ ಬರುವುದನ್ನೇ ಬಿಟ್ಟಿದ್ದಾರೆ. ರಾತ್ರಿ ತುಂಬ ಹೊತ್ತು ಪಂಪ್‌ಸೆಟ್ ಹತ್ತಿರ ಒಬ್ಬರೇ ಕೂತಿರುತ್ತಾರೆ. ನನಗೂ ಸಾಕಾಗಿಹೋಗಿದೆ. ಇರುವುದರಲ್ಲಿ ತೃಪ್ತಿ ಅನ್ನುವುದು ನನಗೆ ಯಾಕೆ ಬರ್ತಾ ಇಲ್ಲ? ನನ್ನ ವಿಶ್ವಾಸ ಸುಳ್ಳಾ? ಚರ್ಚಿನ ಸುಗ್ಗಿ ಹಬ್ಬ ಬೇರೆ ಹತ್ತಿರ ಬಂತು. ದೇವರ ಮುಂದೆ ಇಡಲು ಈ ಸಲ ಏನೂ ಇಲ್ಲ.
– ಹೆಸರು ಬೇಡ, ಮುಳಬಾಗಿಲು ತಾಲ್ಲೂಕು

ಉತ್ತರ: ತಂಗೀ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಉಳಿದದ್ದಕ್ಕೆಲ್ಲ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಯಜಮಾನರ ವಿಷಯ. ಇವತ್ತು ರಾತ್ರಿ ಅವರು ಪಂಪ್‌ಸೆಟ್ ಹತ್ತಿರ ಹೋದರೆ ನೀವೂ ಹೋಗಿ. ಊಟದ ತಟ್ಟೆಯನ್ನೂ ಅಲ್ಲಿಗೇ ಒಯ್ಯಿರಿ. ‘ಬದುಕೇ ಬೇಡ ಅನ್ನಿಸ್ತಾ ಇದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದುಬಿಡುತ್ತದೆ ಅಂತ ಹೆದರಬೇಡಿ, ಹಾಗೆ ಆಗುವುದಿಲ್ಲ. ಹೌದು ಅಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ಬೆಳೆಗೆ ಹೊಡೆಯುವ ಔಷಧಿಗೆ ಬೀಗ ಹಾಕಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯಲ್ಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಇದು ವಿಶ್ವಾಸ ಕಮ್ಮಿ ಇದ್ದವರು ಮಾಡುವ ಕೆಲಸ ಅಂತ ಯಾರಾದರೂ ಅಂದರೆ ಕಿವಿಗೆ ಹಾಕ್ಕೋಬೇಡಿ.

ಇನ್ನು ನಿಮ್ಮ ಪ್ರಶ್ನೆ. ಅದಕ್ಕೆ ನಮ್ಮ ಮನೆಯ ಮಾತು ಹೇಳಬೇಕು.

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಅಪ್ಪನ ಕಡೆಯವರದು ತಮಿಳು, ಅಮ್ಮ ಬಂಗಾರಪೇಟೆ ಕಡೆಯ ಕನ್ನಡದವರು. ಅಪ್ಪ ಇಪ್ಪತ್ತಾರು ವರ್ಷ ಚಿನ್ನದ ಗಣಿಯ ಒಳಗೆ ದುಡಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನನಗಾಗ ಇಪ್ಪತ್ತೆರಡು, ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದೆ. ಬಂದ ದುಡ್ಡು ಸಾಲಕ್ಕೆ, ಅಕ್ಕನ ಮದುವೆಗೆ ಆಯ್ತು. ಅಪ್ಪ ಬೆಂಗಳೂರಿನಲ್ಲಿ ರಾತ್ರಿ ವಾಚ್‌ಮನ್ ಆದರು. ಊರಿನ ಸಾವಿರಾರು ಜನರ ಹಾಗೆ ಅವರಿಗೂ ರೈಲೇ ಅರ್ಧ ಮನೆಯಾಯ್ತು. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ ಮನುಷ್ಯ ಬಾಯಿ ಮುಚ್ಚಿಬಿಟ್ಟರು.

ಆಗ ನಮ್ಮ ಮನೆಗೂ ಒಬ್ಬ ಹಿರಿಯರು ಬಂದಿದ್ದರು. ‘ಈ ಮನೆಯಲ್ಲಿ ಒಪ್ಪಿಕೊಳ್ಳದೆ ಇರೋ ಪಾಪ ಏನೋ ಇದೆ’ ಅಂದರು. ಅಮ್ಮ ಅವರಿಗೆ ಹಾಲಿಲ್ಲದ ಕಾಫಿ ಕೊಟ್ಟರು. ಅವರು ಹೋದ ಮೇಲೆ ಆ ಲೋಟವನ್ನು ತುಂಬ ಹೊತ್ತು ತೊಳೆಯುತ್ತಾ ಕೂತಿದ್ದರು. ನನಗೆ ಇವತ್ತಿಗೂ ಆ ಲೋಟದ ಸದ್ದು ನೆನಪಿದೆ. ಒಂದು ಗಣಿ ಮುಚ್ಚಿದ್ದಕ್ಕೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳಕೊಂಡರು. ಅಷ್ಟೂ ಮನೆಗಳಲ್ಲಿ ಪಾಪ ಇತ್ತು, ಬೇರೆ ಊರುಗಳಲ್ಲಿ ಇರಲಿಲ್ಲ ಅಂತಲಾ?

ನಿಮ್ಮ ಟೊಮೆಟೊ ಮಾತೂ ಅಷ್ಟೇ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತ್ತು. ಆ ತಿಂಗಳು ಹಣ್ಣು ಇದ್ದವರೆಲ್ಲ ದಶಮಾಂಶ ಕೊಟ್ಟವರಾ? ಎಲೆ ಮುದುಡುವ ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿ ನೊಣ. ಅದು ವಿಶ್ವಾಸಿಯ ತೋಟ ಯಾವುದು ಅಂತ ಕೇಳಿಕೊಂಡು ಬರುವುದಿಲ್ಲ. ಹುಟ್ಟುಕುರುಡನನ್ನು ನೋಡಿ, ಯಾರ ಪಾಪಕ್ಕೆ ಹೀಗಾಯ್ತು ಅಂತ ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಏನಂದರು? ಇವನದೂ ಅಲ್ಲ, ಇವನ ಅಪ್ಪ ಅಮ್ಮನದೂ ಅಲ್ಲ. ಯೋಹಾನ 9ರಲ್ಲಿದೆ. ನಿಮ್ಮ ಯಜಮಾನರಿಗೂ ಅದನ್ನು ಓದಿ ಹೇಳಿ.

ಹಬಕ್ಕೂಕನನ್ನು ಮೊದಲಿಂದ ಓದಿ. ಬರೀ ಮೂರು ಅಧ್ಯಾಯ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ ಸಂತೋಷಪಡುತ್ತೇನೆ ಅನ್ನುವ ಮಾತು ಬರುವುದು ಕೊನೆಯಲ್ಲಿ. ಶುರುವಿನಲ್ಲಿ ಇರುವುದು ದೂರು. ‘ಎಷ್ಟು ದಿನ ಅಂತ ಕೂಗಲಿ, ನೀನು ಕೇಳೋದೇ ಇಲ್ವಲ್ಲ’ ಅನ್ನುವ ಥರದ ದೂರು. ಮೊದಲನೇ ಅಧ್ಯಾಯದಲ್ಲಿ ಇರುವವರಿಗೆ ಮೂರನೇ ಅಧ್ಯಾಯ ಓದಿಸಿ ‘ನಗು’ ಅನ್ನುವುದು ಸರಿಯಲ್ಲ.

ನೀವು ‘ಸಾಕಾಗಿಹೋಗಿದೆ’ ಅಂತ ಬರೆದಿದ್ದೀರಿ. ನಮ್ಮ ಕನ್ನಡದಲ್ಲಿ ‘ಸಾಕು’ ಅನ್ನುವ ಮಾತಿಗೆ ಎರಡು ಮುಖ. ಹೊಟ್ಟೆ ತುಂಬಿದಾಗಲೂ ಸಾಕು ಅಂತೀವಿ, ಬದುಕು ಬೇಸರವಾದಾಗಲೂ ಸಾಕು ಅಂತೀವಿ. ಬೈಬಲಿನಲ್ಲೂ ಎರಡೂ ಇದೆ. ಪ್ರವಾದಿ ಎಲೀಯ ಕಾಡಿನಲ್ಲಿ ಒಂದು ಗಿಡದ ಕೆಳಗೆ ಕೂತು, ನನಗೆ ಸಾಕಾಯ್ತು, ನನ್ನ ಪ್ರಾಣ ತೆಗೆದುಕೋ ಅಂದ. ಅಷ್ಟು ದೊಡ್ಡ ಪ್ರವಾದಿ! ದೇವರು ಅವನನ್ನು ಬೈಯಲಿಲ್ಲ. ಅವನು ಮಲಗಿದ. ದೇವದೂತ ಬಂದು ತಟ್ಟಿ ಎಬ್ಬಿಸಿದ. ನೋಡಿದರೆ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ, ದಾರಿ ದೂರ ಇದೆ ಅಂದ. ಒಂದನೇ ಅರಸುಗಳು 19ನೇ ಅಧ್ಯಾಯ. ನಿನ್ನ ವಿಶ್ವಾಸ ಎಲ್ಲಿ ಅಂತ ದೂತ ಲೆಕ್ಕ ಕೇಳಲಿಲ್ಲ. ರೊಟ್ಟಿ ಕೊಟ್ಟ, ನಿದ್ದೆ ಮಾಡಲು ಬಿಟ್ಟ.

ನಮ್ಮ ಅಪ್ಪ ಎಷ್ಟೋ ತಿಂಗಳ ಮೇಲೆ ಒಂದು ರಾತ್ರಿ ಮನೆ ಪ್ರಾರ್ಥನೆಯಲ್ಲಿ ಬಾಯಿ ಬಿಟ್ಟರು. ‘ಸ್ವಾಮೀ, ನಂಗೆ ಸಾಕಾಯ್ತು.’ ಇಷ್ಟೇ. ಮುಂದೆ ಮಾತಿಲ್ಲ. ನಾವು ಮಕ್ಕಳು ಹೆದರಿಕೊಂಡು ಅಮ್ಮನ ಮುಖ ನೋಡಿದೆವು. ಅಮ್ಮ ಗಟ್ಟಿಯಾಗಿ ‘ಆಮೆನ್’ ಅಂದು, ಎದ್ದು ಅವರಿಗೆ ಮುದ್ದೆ ಬಡಿಸಿದರು. ನಾನು ಕೇಳಿದ ಪ್ರಾರ್ಥನೆಗಳಲ್ಲಿ ಅದಕ್ಕಿಂತ ನಿಜವಾದದ್ದು ಇನ್ನೊಂದಿಲ್ಲ. ಅದಕ್ಕೇ ಹೇಳುತ್ತೇನೆ ತಂಗೀ, ನಿಮ್ಮ ವಿಶ್ವಾಸ ಸುಳ್ಳಲ್ಲ. ಬಾಯಿಪಾಠದ ಸ್ತೋತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದೆ, ಯಾಕೆಂದರೆ ದೇವರ ಹತ್ತಿರ ಸುಳ್ಳಾಡಲು ನಿಮ್ಮ ಮನಸ್ಸು ಒಪ್ಪುತ್ತಿಲ್ಲ.

ತೃಪ್ತಿಯ ವಿಷಯಕ್ಕೆ ಎಲ್ಲರೂ ಅಪೊಸ್ತಲ ಪೌಲನನ್ನು ತೋರಿಸುತ್ತಾರೆ, ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ. ಅದನ್ನು ಬರೆಯುವಾಗ ಅವನು ಸೆರೆಯಲ್ಲಿದ್ದ. ಇರುವ ಸ್ಥಿತಿಯಲ್ಲೇ ತೃಪ್ತನಾಗಿರಲು ‘ಕಲಿತಿದ್ದೇನೆ’ ಅನ್ನುತ್ತಾನೆ. ನಾನು ಟೀಚರ್, ಆ ಮಾತು ನನ್ನ ಕಿವಿಗೆ ಬೇಗ ಬೀಳುತ್ತದೆ. ಕಲಿಯುವುದು ಅಂದರೆ ಮೊದಲು ಬರುತ್ತಿರಲಿಲ್ಲ ಅಂತ ತಾನೇ? ತಪ್ಪುತ್ತಾ, ಅಳಿಸುತ್ತಾ, ಮತ್ತೆ ಬರೆಯುತ್ತಾ ಬರುವುದು. ಅವನು ಏಟು ತಿಂದಿದ್ದ, ಮೂರು ಸಲ ಹಡಗು ಒಡೆದು ನೀರು ಪಾಲಾಗಿದ್ದ. ಅಷ್ಟಾದ ಮೇಲೆ ಕಲಿತದ್ದನ್ನು ನಿಮಗೆ ಒಂದು ಹಂಗಾಮಿನಲ್ಲಿ ಕಲಿ ಅಂದರೆ ಹೇಗೆ?

ಇನ್ನೊಂದು ಇದೆ, ಜನ ಅದನ್ನು ಓದುವುದೇ ಇಲ್ಲ. ಎಲ್ಲವನ್ನೂ ಮಾಡಲು ಶಕ್ತನಾಗಿದ್ದೇನೆ ಅನ್ನುವ 13ನೇ ವಚನವನ್ನು ಗೋಡೆಗೆ ತೂಗುಹಾಕುತ್ತಾರೆ. ಅದರ ಮುಂದಿನ ವಚನದಲ್ಲೇ ಪೌಲ, ನನ್ನ ಕಷ್ಟದಲ್ಲಿ ನೀವು ಪಾಲುಗಾರರಾಗಿದ್ದು ಒಳ್ಳೆಯದಾಯ್ತು ಅನ್ನುತ್ತಾನೆ. ಆ ಸಭೆಯವರು ಎಪಫ್ರೊದೀತ ಎಂಬುವನ ಕೈಯಲ್ಲಿ ಅವನಿಗೆ ಸಹಾಯ ಕಳಿಸಿದ್ದರು. ಪೌಲ ಅದನ್ನು ತೆಗೆದುಕೊಂಡ, ನಾಚಿಕೊಳ್ಳಲಿಲ್ಲ. ತೃಪ್ತಿ ಅಂದರೆ ಕಷ್ಟ ಮುಚ್ಚಿಟ್ಟುಕೊಂಡು ಸುಮ್ನೆ ಇರುವುದಲ್ಲ.

ಹಾಗಾಗಿ ಈ ವಾರ ಗಂಡ ಹೆಂಡತಿ ಇಬ್ಬರೂ ಕೂತು ಮಂಡಿಯವರಿಗೆ, ಔಷಧಿ ಅಂಗಡಿಗೆ, ಒಡವೆ ಅಡವಿಟ್ಟ ಕಡೆ ಎಷ್ಟೆಷ್ಟು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಬಡ್ಡಿ ಸಮೇತ. ಬರೆಯದ ಸಾಲ ರಾತ್ರಿ ಜಾಸ್ತಿ ದೊಡ್ಡದಾಗಿ ಕಾಣುತ್ತದೆ. ಯಾವುದರ ಬಡ್ಡಿ ಹೆಚ್ಚೋ ಅದನ್ನು ಮೊದಲು ತೀರಿಸುವ ದಾರಿ ನೋಡಿ. ಒಂದು ಸಾಲ ತೀರಿಸಲು ಇನ್ನೂ ಜಾಸ್ತಿ ಬಡ್ಡಿಯ ಸಾಲ ಮಾಡಬೇಡಿ. ಸಭೆಯಲ್ಲಿ ಎಲ್ಲರಿಗೂ ಹೇಳಬೇಕಿಲ್ಲ, ನಂಬಿಕೆಯ ಒಬ್ಬರಿಗೆ ಹೇಳಿ. ಅಯ್ಯನವರ (ಪಾಸ್ಟರ್) ಹೆಂಡತಿಯೋ, ಬಾಲ್ಯದ ಗೆಳತಿಯೋ ಯಾರಾದರೂ ಇರುತ್ತಾರೆ ಅಲ್ವಾ? ‘ಹೇಗಿದ್ದೀರಾ’ ಅಂತ ಅವರು ಕೇಳಿದಾಗ ‘ಈ ವಾರ ಕಷ್ಟ ಇದೆ, ಪ್ರಾರ್ಥನೆ ಮಾಡಿ’ ಅನ್ನಿ. ದಶಮಾಂಶದ ಚಿಂತೆ ಬಿಡಿ. ಮಕ್ಕಳ ಊಟ ಕಸಿದು ಕೊಡು ಅಂತ ಕೇಳುವ ದೇವರು ನಮ್ಮವನಲ್ಲ.

ಅಪ್ಪನ ಹಾಡು ಮರಳಿ ಬಂತು. ಮೊದಲಿನ ಜೋರು ಬರಲಿಲ್ಲ. ಸಾಲ ತೀರಲು ಆರು ವರ್ಷ ಹಿಡಿಯಿತು. ನಡುವೆ ಒಂದು ಭಾನುವಾರ ಅಮ್ಮ ಇನ್ನರ್ಧ ಮುದ್ದೆ ಹಾಕಲು ಹೋದಾಗ ಅಪ್ಪ ತಟ್ಟೆಗೆ ಕೈ ಅಡ್ಡ ಇಟ್ಟು ‘ಸಾಕು’ ಅಂದರು. ಮುಖದಲ್ಲಿ ನಗು ಇತ್ತು. ಅಮ್ಮ ಸೌಟು ಹಿಡಿದುಕೊಂಡೇ ಒಂದು ಗಳಿಗೆ ನಿಂತುಬಿಟ್ಟರು.

ಸುಗ್ಗಿ ಹಬ್ಬಕ್ಕೆ ಏನು ಒಯ್ಯಲಿ ಅಂದಿರಿ. ಗಣಿ ಮುಚ್ಚಿದ ವರ್ಷ ಅಮ್ಮ ಒಯ್ದದ್ದು ಹಿತ್ತಲಿನ ನುಗ್ಗೆಸೊಪ್ಪು, ಬಾಳೆನಾರಿನಲ್ಲಿ ಕಟ್ಟಿದ ಎರಡು ಕಟ್ಟು. ಕಾಣಿಕೆಗಳ ಹರಾಜಿನಲ್ಲಿ ಹತ್ತು ರೂಪಾಯಿಗೆ ಹೋಯ್ತು. ನಿಮ್ಮ ಹಿತ್ತಲಲ್ಲಿ ಕರಿಬೇವು ಇದ್ದರೆ ಅದನ್ನೇ ತೊಳೆದು ಕಟ್ಟಿಕೊಂಡು ಹೋಗಿ. ಯಜಮಾನರನ್ನೂ ಒಂದು ಸಲ ಕರೆದು ನೋಡಿ. ಬಂದರೆ ಹಿಂದಿನ ಬೆಂಚಿನಲ್ಲಿ ಕೂರಲಿ, ಹಾಡದಿದ್ದರೂ ಪರವಾಗಿಲ್ಲ. ನೀವೂ ಅವರ ಪಕ್ಕದಲ್ಲೇ ಕೂತುಕೊಳ್ಳಿ.