ಪ್ರತಿಕ್ರಿಯೆ: ವೈದ್ಯರು ಏನಿಲ್ಲ ಅಂದರೂ ಗೂಗಲ್ ಬಿಡಲಾಗುತ್ತಿಲ್ಲ

ಕಣ್ಣರೆಪ್ಪೆ ಅದುರುವುದಕ್ಕೆ ಗಾಬರಿಪಡುವಂಥದ್ದೇನಿಲ್ಲ ಎಂದು ವೈದ್ಯರು ಹೇಳಿದ ಮೇಲೂ ರಾತ್ರಿಯೆಲ್ಲ ಮೋಟಾರ್ ನ್ಯೂರಾನ್ ಕಾಯಿಲೆ (ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುವ ಕಾಯಿಲೆ) ಬಗ್ಗೆ ಓದುತ್ತಿದ್ದೀರಿ, ನಿಲ್ಲಿಸುವುದು ಹೇಗೆ ಎಂದು ಕೇಳಿದ್ದೀರಿ. ತುಂಬ ಸುಸ್ತಾಗಿರಬೇಕು ನಿಮಗೆ.

'ಇದು ಸಾಮಾನ್ಯ' ಎಂಬ ಸಾಲು ಸಿಕ್ಕಾಗ ಸ್ವಲ್ಪ ಹೊತ್ತು ನಿರಾಳವಾಗುತ್ತದಲ್ಲ, ಆ ನಿರಾಳವೇ ಚಟ ಹತ್ತಿಸುವುದು. 'ನನ್ನದು ಬೇರೆಯೇ ಇದ್ದರೆ?' ಎಂದು ಅನುಮಾನ ತಿರುಗಿ ಬರುತ್ತದೆ, ಮತ್ತೆ ಫೋನು. ಕಾಯಿಲೆಯ ಹೆಸರು ಹಾಕಿ ಹುಡುಕಿದರೆ ಬರುವ ಪುಟಗಳೆಲ್ಲ ಅದರವೇ. ಅದು ಎಷ್ಟು ಅಪರೂಪ ಎಂಬುದು ಫಲಿತಾಂಶಗಳ ಕ್ರಮದಲ್ಲಿ ಕಾಣುವುದಿಲ್ಲ. ಸಾಮಾನ್ಯ ಲಕ್ಷಣದಿಂದ ಶುರುವಾದ ಹುಡುಕಾಟ ಗಂಭೀರ ಕಾಯಿಲೆಗೆ ಜಾರುವುದನ್ನು ಮೈಕ್ರೋಸಾಫ್ಟ್ ಸಂಶೋಧಕರು 2008ರಲ್ಲೇ ದಾಖಲಿಸಿದ್ದಾರೆ. ಮೇಲಾಗಿ ನಿದ್ದೆಗೆಟ್ಟರೆ ರೆಪ್ಪೆ ಇನ್ನಷ್ಟು ಅದುರುತ್ತದೆ.

ಒಮ್ಮೆಲೇ ಬಿಡಲು ಹೋಗಬೇಡಿ, ಮುಂದೂಡಿ. ಹುಡುಕಬೇಕೆನಿಸಿದ ಕೂಡಲೇ ಸಮಯ, ಪ್ರಶ್ನೆ, ಆತಂಕಕ್ಕೆ 10ರಲ್ಲಿ ಎಷ್ಟು ಅಂಕ ಎಂದು ಚೀಟಿಯಲ್ಲಿ ಬರೆದು 15 ನಿಮಿಷ ತಡೆಯಿರಿ. ಆಮೇಲೆ ಮತ್ತೆ ಅಂಕ ಕೊಡಿ. ಹೆಚ್ಚಿನ ಸಲ ಇಳಿದಿರುತ್ತದೆ. ಅದು ರೂಢಿಯಾದ ಮೇಲೆ 30 ನಿಮಿಷ, ನಂತರ 60. ಮಲಗುವಾಗ ಫೋನು ಬೇರೆ ಕೋಣೆಯಲ್ಲಿರಲಿ.

ಬಹಳ ಜನ ಎಡವುವುದು ಇಲ್ಲಿ: ಗೂಗಲ್ ಬಿಟ್ಟು ಮನೆಯವರನ್ನು ಪದೇ ಪದೇ ಕೇಳುವುದು, ಚಾಟ್‌ಬಾಟ್ ತೆರೆಯುವುದು, ಕನ್ನಡಿಯಲ್ಲಿ ರೆಪ್ಪೆ ಪರೀಕ್ಷಿಸುವುದು. ಇವೂ ಅದೇ ಚಟ, ಇವಕ್ಕೂ ಅದೇ ಚೀಟಿ.

ರೆಪ್ಪೆ ಜೋತುಬಿದ್ದರೆ, ಮುಖದ ಒಂದು ಬದಿಯೇ ಅದುರಿದರೆ, ಕೈಕಾಲಲ್ಲಿ ಶಕ್ತಿ ಕುಂದಿದರೆ ಹುಡುಕಬೇಡಿ, ನೇರ ವೈದ್ಯರ ಬಳಿ ಹೋಗಿ. ಕೆಲವು ವಾರ ಪ್ರಯತ್ನಿಸಿಯೂ ಹಿಡಿತಕ್ಕೆ ಬರದಿದ್ದರೆ ಆರೋಗ್ಯದ ಆತಂಕಕ್ಕೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಕೊಡುವ ಮನಶ್ಶಾಸ್ತ್ರಜ್ಞರನ್ನು ಕಾಣಿ. ಹೋಗುವಾಗ ಆ ಚೀಟಿಗಳನ್ನೂ ಒಯ್ಯಿರಿ.